ಮಾರಪ್ಪನವರ ತಿಪ್ಪೆಯೂ ಹೂವಪ್ಪನ ಬುಟ್ಟಿಯೂ

ಶಿಕಾರಿಪುರದ ಸೀಮೆಯಲ್ಲಿ ಕೋಟೆಗಳಿಗೆ ಮುತ್ತಿಗೆ ಹಾಕಿದ ವೀರರಿಗೆ ಯಾವ ಕಾಲದಲ್ಲೂ ಬರ ಬಂದಿರಲಿಲ್ಲ. ಅವರಿಗೆಲ್ಲ ಆನೆ, ಕುದುರೆ, ಕಾಲಾಳು ಇದ್ದವು. ಉಡುತಡಿಯ ಹೂವಪ್ಪನಿಗೆ ಇದ್ದದ್ದು ಒಂದು ಬಿದಿರು ಬುಟ್ಟಿ, ಒಂದು ಮೊಂಡು ಸಲಿಕೆ ಮತ್ತು ಹೈಸ್ಕೂಲಿನ ಪುಸ್ತಕದ ಚೀಲ. ಅವನು ಮುತ್ತಿಗೆ ಹಾಕಿದ್ದು ಸ್ವಂತ ತಂದೆ ಮಾರಪ್ಪನವರ ತಿಪ್ಪೆಗೆ. ಮುತ್ತಿಗೆ ಆರು ತಿಂಗಳು ನಡೆಯಿತು. ಕೋಟೆಯ ಒಡೆಯನಿಗೆ ವಿಷಯ ತಿಳಿದದ್ದು ಹನ್ನೆರಡನೆಯ ತಿಂಗಳಲ್ಲಿ, ಅದೂ ನೆಂಟರ ಎದುರಿಗೆ.

ಮೊದಲು ಆ ತಿಪ್ಪೆಯ ಘನತೆಯನ್ನು ಹೇಳಬೇಕು. ಐವತ್ತರ ದಶಕದ ಕೊನೆಯ ಆ ದಿನಗಳಲ್ಲಿ ಗಂಡಿನ ಮನೆ ನೋಡಲು ಬಂದವರು ಮೊದಲು ನೋಡುತ್ತಿದ್ದದ್ದು ತಿಪ್ಪೆಯನ್ನು. ಗಂಡನ್ನು ಊಟವಾದ ಮೇಲೆ ನೋಡಿದರೂ ನಡೆಯುತ್ತಿತ್ತು. ತಿಪ್ಪೆ ಎತ್ತರವಿದ್ದರೆ ಕೊಟ್ಟಿಗೆ ತುಂಬ ದನ, ದನವಿದ್ದರೆ ಹಾಲು ಮೊಸರು, ಅವೆರಡೂ ಇದ್ದ ಮೇಲೆ ಮಗಳ ಬಾಳು ಬಂಗಾರ ಎಂದು ಅವರ ಲೆಕ್ಕ. ಮಾರಪ್ಪನವರ ಹಿತ್ತಿಲಿನ ತಿಪ್ಪೆ ಎರಡು ಆಳೆತ್ತರವಿತ್ತು. ಅದನ್ನು ಎಬ್ಬಿಸಿದವರು ಅವರ ತಂದೆ. ಅದನ್ನು ತೋರಿಸಿಯೇ ಮಾರಪ್ಪನವರಿಗೆ ಲೋಕಮ್ಮನನ್ನು ತಂದದ್ದು. ಈಗ ಹಿರಿಯ ಮಗ ಕೆಂಪಪ್ಪನಿಗೂ ಅದನ್ನೇ ತೋರಿಸಿ ಹೆಣ್ಣು ತರಬೇಕಿತ್ತು. ಕೆಂಪಪ್ಪ ಮದುವೆಯ ವಯಸ್ಸಿಗೆ ಬಂದ ಮೂರು ವರ್ಷದಿಂದ ಆ ತಿಪ್ಪೆಯಿಂದ ಒಂದು ಬುಟ್ಟಿ ಗೊಬ್ಬರವೂ ಹೊಲಕ್ಕೆ ಹೋಗಿರಲಿಲ್ಲ. ಗೊಬ್ಬರ ತೆಗೆದರೆ ತಿಪ್ಪೆ ತಗ್ಗುತ್ತದೆ, ತಿಪ್ಪೆ ತಗ್ಗಿದರೆ ಮನೆತನ ತಗ್ಗುತ್ತದೆ. ಹೀಗಾಗಿ ಹೊಲ ಉಪವಾಸ ಬಿದ್ದಿತ್ತು, ತಿಪ್ಪೆ ಮಾತ್ರ ಮೈತುಂಬಿಕೊಂಡು ರಾಣಿಯ ಹಾಗೆ ಕುಳಿತಿತ್ತು.

ಉಪವಾಸ ಬಿದ್ದ ಹೊಲದ ಹೆಸರು ಬೋಳುಹೊಲ. ಉಡುತಡಿಯಿಂದ ಶಿರಾಳಕೊಪ್ಪಕ್ಕೆ ಹೋಗುವ ದಾರಿಯ ಪಕ್ಕದಲ್ಲಿ ಒಂದೆಕರೆ ಕೆಂಪು ನೆಲ. ಮಳೆ ಬಂದರೆ ಮೇಲಿನ ಮಣ್ಣು ತೊಳೆದು ಹೋಗುತ್ತಿತ್ತು, ಬಿಸಿಲು ಬಂದರೆ ಉಳಿದದ್ದು ಇಟ್ಟಿಗೆಯಾಗುತ್ತಿತ್ತು. ಬಿತ್ತಿದ ಜೋಳ ಮೊಣಕಾಲೆತ್ತರ ಬೆಳೆದು, ಇನ್ನು ಸಾಕು ಎಂದು ನಿಂತುಬಿಡುತ್ತಿತ್ತು. ಊರಿನವರಿಗೆ ಆ ಹೊಲ ಒಂದು ಖಾಯಂ ನಗೆಪಾಟಲು. "ಮಾರಪ್ಪಾರೇ, ನಿಮ್ಮ ಹೊಲದಾಗೆ ಕಾಗೆ ಬುತ್ತಿ ಕಟ್ಕಂಡು ಬರ್ತಾವಂತಲ್ರೀ?" ಎಂದು ಕಟ್ಟೆಯ ಮೇಲೆ ಕುಳಿತವರು ಕೇಳುವುದು, ಮಾರಪ್ಪನವರು ಉರಿದುಬೀಳುವುದು, ಇದು ವಾರಕ್ಕೊಮ್ಮೆ ತಪ್ಪುತ್ತಿರಲಿಲ್ಲ.

ಕಿರಿಯ ಮಗ ಹೂವಪ್ಪನಿಗೆ ಹದಿನೇಳು ವರ್ಷ. ದಿನಾ ಮೂರು ಮೈಲಿ ನಡೆದು ಶಿರಾಳಕೊಪ್ಪದ ಹೈಸ್ಕೂಲಿಗೆ ಹೋಗುತ್ತಿದ್ದ. ಅವನು ಆ ಹೊಲದ ಬಗ್ಗೆ ತಲೆ ಕೆಡಿಸಿಕೊಂಡದ್ದು 1957ರ ದೀಪಾವಳಿ ಕಳೆದ ಮೇಲೆ. ವಿಜ್ಞಾನದ ಮೇಷ್ಟ್ರು ಒಂದು ದಿನ ಹುಡುಗರಿಗೆಲ್ಲ ತಮ್ಮ ತಮ್ಮ ಹೊಲದ ಒಂದು ಹಿಡಿ ಮಣ್ಣು ತರಲು ಹೇಳಿದರು. ಸಾಲಾಗಿ ಗಾಜಿನ ಲೋಟಗಳನ್ನಿಟ್ಟು, ನೀರು ತುಂಬಿ, ಮಣ್ಣು ಹಾಕಿ ಕಲಕಿಸಿದರು. ಬೇರೆಯವರ ಲೋಟದಲ್ಲಿ ಮಣ್ಣು ಕೆಳಗಿಳಿದ ಮೇಲೂ ನೀರಿನ ಮೇಲೆ ಕರಿಯ ಪುಡಿ ತೇಲಿತು. ಕೊಳೆತ ಎಲೆ, ಬೇರು, ಸಗಣಿಯ ಪುಡಿ ಅದು. ಅದೇ ಮಣ್ಣಿನ ಜೀವ ಎಂದರು ಮೇಷ್ಟ್ರು. ಹೂವಪ್ಪನ ಲೋಟದಲ್ಲಿ ಮಣ್ಣು ಕಲ್ಲಿನ ಹಾಗೆ ದಡಕ್ಕನೆ ತಳಕ್ಕೆ ಕೂತಿತು. ಮೇಲೆ ಏನೂ ಇಲ್ಲ. ನೀರು ತಿಳಿಯಾಗಿ ಹೊಳೆಯಿತು.

ಮೇಷ್ಟ್ರು ಲೋಟವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. "ಇದು ಮಣ್ಣಲ್ಲಪ್ಪ, ಮಣ್ಣಿನ ಹೆಣ" ಎಂದರು.

ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಹೂವಪ್ಪ ಕೈ ಎತ್ತಿ ನಿಂತ. "ಸಾರ್, ಇದಕ್ಕೆ ಜೀವ ಬರ್ಸಾಕೆ ಆಗ್ತೈತಾ?"

"ಗೊಬ್ಬರ ಕೊಡು, ಮೇಲ್ಮಣ್ಣು ಕೊಚ್ಚಿಹೋಗದ ಹಾಗೆ ಬದು ಹಾಕು, ಕೂಳೆ ಸುಡಬೇಡ. ಬರುತ್ತದೆ. ಆದರೆ ಬುದ್ಧಿ ಹೇಳಿದಷ್ಟು ಸುಲಭವಲ್ಲ, ಬೆನ್ನು ಬಗ್ಗಬೇಕು."

ಹೂವಪ್ಪ ಲೋಟದ ನೀರು ಚೆಲ್ಲಿ, ಆ ಹಿಡಿ ಮಣ್ಣನ್ನು ಕಾಗದದಲ್ಲಿ ಕಟ್ಟಿಕೊಂಡು ವಾಪಸು ತಂದ. ಹೆಣವೇ ಆಗಿರಲಿ, ನಮ್ಮ ಮನೆಯದು ಎಂಬ ಅಭಿಮಾನ.

ಮನೆಗೆ ಬಂದರೆ ಜಗುಲಿಯ ಮೇಲೆ ಇಟ್ಟಿಗೆ ಸುಡುವ ಉಜ್ಜಪ್ಪ ಕುಳಿತಿದ್ದ. ಅವನಿಗೆ ಗೂಡು ಹಾಕಲು ಮಣ್ಣು ಬೇಕಾಗಿತ್ತು. ಬೋಳುಹೊಲವನ್ನು ಆಳುದ್ದ ಅಗೆದುಕೊಂಡು ಹೋಗುವ ಮಾತು ಮುಗಿಯುವ ಹಂತಕ್ಕೆ ಬಂದಿತ್ತು.

"ಬ್ಯಾಡ" ಎಂದ ಹೂವಪ್ಪ, ಚೀಲ ಇಳಿಸುವ ಮೊದಲೇ.

ಮಾರಪ್ಪನವರು ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಏನಲೇ ಬ್ಯಾಡ?"

"ಹೊಲ ಅಗ್ಸಿದ್ರೆ ಗುಂಡಿ ಆಗತೈತಿ. ಗುಂಡಿ ಮತ್ತೆ ಹೊಲ ಆಗಲ್ಲ. ನಂಗೆ ಒಂದು ಬೆಳೆ ಬಿಟ್ಟುಕೊಡು. ನಾನು ಬೆಳೀತೀನಿ."

"ನೀನು ಬೆಳಿಯೋದು! ನಮ್ಮಪ್ಪ ಸೋತ ಹೊಲ ಅದು, ನಾನು ಸೋತ ಹೊಲ."

"ಇಸ್ಕೂಲಿಗೆ ಹೋದ ಮ್ಯಾಲೆ ಒಬ್ಬೊಬ್ರಿಗೆ ಹಂಗಾಗತೈತಿ" ಎಂದು ಉಜ್ಜಪ್ಪ ಎಲೆ ಅಡಿಕೆ ಜಗಿಯುತ್ತ ಸಮಾಧಾನ ಹೇಳಿದ. "ಒಂದು ಬೆಳಿ ಬಿಡ್ರಿ ಮಾರಪ್ಪಾರೇ. ನನ್ನ ಗೂಡು ಎಲ್ಲಿ ಓಡಿಹೋಗತೈತಿ? ಬರೋ ವರ್ಷ ಕೊಯ್ಲು ಮುಗಿದ ಕೂಡ್ಲೆ ಗಾಡಿ ತರ್ತೀನಿ."

ಹೀಗೆ ಒಪ್ಪಂದವಾಯಿತು. ಮುಂದಿನ ಕೊಯ್ಲಿಗೆ ಜೋಳ ಮೊಣಕಾಲು ದಾಟದಿದ್ದರೆ ಹೊಲ ಉಜ್ಜಪ್ಪನ ಗೂಡಿಗೆ. ಮಾರಪ್ಪನವರು ಎರಡು ಷರತ್ತು ಹಾಕಿದರು. ಎತ್ತುಗಳನ್ನು ಬಿತ್ತನೆಗೆ ಮಾತ್ರ ಕೊಡುವುದು. ಮತ್ತು ಕೆಂಪಪ್ಪನ ಮದುವೆ ಗೊತ್ತಾಗುವ ತನಕ ತಿಪ್ಪೆಯನ್ನು ಯಾರೂ ಮುಟ್ಟಬಾರದು. "ಅಲ್ಲೀತನ ನಾನು ಆ ದರಿದ್ರ ಹೊಲದ ಮುಖ ನೋಡಲ್ಲ" ಎಂದು ಆಣೆಯನ್ನೂ ಇಟ್ಟರು. ಅವರಿಗೆ ಕೆರೆಯ ಕೆಳಗೆ ಗದ್ದೆ ಇತ್ತು. ಅದು ಊರಿನ ಇನ್ನೊಂದು ಮಗ್ಗುಲಿಗೆ. ಆಣೆ ಪಾಲಿಸುವುದು ಕಷ್ಟವೇನಾಗಿರಲಿಲ್ಲ.

ಹೂವಪ್ಪ ಮೊದಲ ಹದಿನೈದು ದಿನ ಷರತ್ತಿಗೆ ಬದ್ಧನಾಗಿದ್ದ. ದಾರಿಯಲ್ಲಿ ಬಿದ್ದ ಸಗಣಿ ಆಯ್ದ. ಬುಧವಾರ ಒಂದು ಬುಟ್ಟಿ, ಗುರುವಾರ ಅರ್ಧ ಬುಟ್ಟಿ. ಹೊಲದ ಮಧ್ಯೆ ಸುರಿದು ಹಿಂದೆ ಸರಿದು ನೋಡಿದರೆ ಅದು ಹೋರಿಯೊಂದು ದಾರಿ ತಪ್ಪಿ ಬಂದು ಹೋದ ಹಾಗೆ ಕಾಣುತ್ತಿತ್ತು. ಈ ವೇಗದಲ್ಲಿ ಒಂದೆಕರೆ ತುಂಬಲು ನಾಲ್ಕು ವರ್ಷ ಬೇಕೆಂದು ಅವನು ಗಣಿತದ ಪುಸ್ತಕದ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದ. ಗಣಿತದಲ್ಲಿ ಅವನು ಸರಿಯಾಗಿ ಬಿಡಿಸಿದ ಮೊದಲ ಲೆಕ್ಕ ಅದು.

ಹದಿನಾರನೆಯ ದಿನ ಅವನು ತಿಪ್ಪೆಯನ್ನು ಹಿಂದುಗಡೆಯಿಂದ ನೋಡಿದ. ಮುಂಭಾಗ ಹಿತ್ತಿಲ ಬಾಗಿಲಿಗೆ, ಅಂದರೆ ನೆಂಟರ ಕಣ್ಣಿಗೆ. ಹಿಂಭಾಗ ಕಳ್ಳಿಬೇಲಿಗೆ. ಕಳ್ಳಿಬೇಲಿಯ ಕಡೆಯಿಂದ ಹೆಣ್ಣು ಕೊಡಲು ಯಾರೂ ಬರುವುದಿಲ್ಲ ಎಂಬ ಸಂಗತಿ ಅವನಿಗೆ ಥಟ್ಟನೆ ಹೊಳೆಯಿತು. ಬೇಲಿ ಮತ್ತು ತಿಪ್ಪೆಯ ನಡುವೆ ನುಸುಳಿ, ಒಂದು ಮೊಳ ಅಗಲದ ಬಾಯಿ ತೆಗೆದು, ಸಲಿಕೆಯನ್ನು ಒಳಗೆ ತಳ್ಳಿದ. ಹೊರಗಿನ ಒಣ ಪದರು ದಾಟಿದ ಕೂಡಲೇ ಕರ್ರಗಿನ, ಹುಡಿಹುಡಿಯಾದ, ವಾಸನೆಯೇ ಇಲ್ಲದ ಗೊಬ್ಬರ ಸುರಿಯಿತು. ಅವನ ಅಜ್ಜನ ಕಾಲದ ದನಗಳ ಸಗಣಿ ಅದು. ಆ ದನಗಳು ಸತ್ತು ಎಷ್ಟೋ ವರ್ಷವಾಗಿತ್ತು. ಅವುಗಳ ಕೊಡುಗೆ ಮಾತ್ರ ಮೊಮ್ಮಗನಿಗೆಂದು ಕಾದಿತ್ತು.

ಅಂದಿನಿಂದ ಹೂವಪ್ಪ ದಿನಾ ಬೆಳಿಗ್ಗೆ ಸ್ಕೂಲಿಗೆ ಹೊರಟಾಗ ಹೆಗಲಲ್ಲಿ ಚೀಲ, ತಲೆಯ ಮೇಲೆ ಬುಟ್ಟಿ. ದಾರಿಯಲ್ಲಿ ಬೋಳುಹೊಲಕ್ಕೆ ಇಳಿದು, ಮೇಲಿನ ತುದಿಯಿಂದ ಶುರುಮಾಡಿ, ಸುರಿದು, ಹರವಿ, ಮಣ್ಣಿನಲ್ಲಿ ಬೆರೆಸಿ, ಬುಟ್ಟಿಯನ್ನು ಅಲ್ಲೇ ಕವುಚಿಟ್ಟು ಮುಂದೆ ನಡೆಯುವುದು. ಸಂಜೆ ಬರುವಾಗ ಹೊಲದ ಕಲ್ಲು ಆರಿಸಿ ಇಳಿಜಾರಿಗೆ ಅಡ್ಡಲಾಗಿ ಬದು ಕಟ್ಟುವುದು. ಭಾನುವಾರ ಐದು ಬುಟ್ಟಿ. ರಜೆಯಲ್ಲಿ ಎಂಟು. ಕುತ್ತಿಗೆ ಒಂದು ಕಡೆ ವಾಲಿತು. ತಲೆಗೂದಲಿನಲ್ಲಿ ಗೊಬ್ಬರದ ಪುಡಿ ಸದಾ ಇರುತ್ತಿತ್ತು. ಪಕ್ಕದಲ್ಲಿ ಕೂರುವ ಹುಡುಗ ಬೆಂಚು ಬದಲಾಯಿಸಿದ. ಹೂವಪ್ಪ ಇಡೀ ಬೆಂಚಿನಲ್ಲಿ ಕಾಲು ಚಾಚಿ ಕುಳಿತು ಪಾಠ ಕೇಳಿದ.

ಕೋಟೆಯ ಗುಟ್ಟು ಮೊದಲು ಗೊತ್ತಾದದ್ದು ತಾಯಿ ಲೋಕಮ್ಮನಿಗೆ. ದಿನಾ ಸಗಣಿ ಬುಟ್ಟಿ ತಂದು ತಿಪ್ಪೆಗೆ ಹಾಕುವವಳು ಅವಳೇ. ಒಂದು ಬೆಳಿಗ್ಗೆ ಮುರಿದ ಬೇಲಿ ಸರಿಮಾಡಲು ಹಿಂದಕ್ಕೆ ಹೋದರೆ, ತಿಪ್ಪೆಯಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು.

"ಯವ್ವಾ! ಯಾರದು?"

"ನಾನವ್ವಾ" ಎಂದಿತು ತಿಪ್ಪೆ.

ಲೋಕಮ್ಮ ಕಾಲು ಹಿಡಿದು ಎಳೆದಳು. ಮಗ ಈಚೆ ಬಂದ, ಹುಬ್ಬಿನ ತನಕ ಕಪ್ಪು. "ನಿಮ್ಮಪ್ಪಗೆ ಗೊತ್ತಾದ್ರೆ ನಿನ್ನನ್ನ ಇದರಾಗೆ ಹೂಳ್ತಾನೆ."

"ಹೂಳ್ಲಿ ಬಿಡವ್ವಾ, ಗೊಬ್ಬರ ಆದ ಮ್ಯಾಲೆ ಬೋಳುಹೊಲಕ್ಕೆ ಹಾಕು."

ಲೋಕಮ್ಮ ನಗು ಬಂದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮೂವತ್ತು ವರ್ಷ ಸಗಣಿ ಹೊತ್ತು ಹೊತ್ತು ಆ ರಾಣಿಯ ಮೈ ಬೆಳೆಸಿದವಳಿಗೆ, ಅದರ ಮೇಲೆ ಪ್ರೀತಿ ಇತ್ತೆಂದು ಯಾರೂ ಆಣೆ ಮಾಡಲಾರರು. ಮರುದಿನದಿಂದ ಅವಳು ಹಸಿ ಸಗಣಿ, ಬೂದಿ, ಹುಲ್ಲು ಎಲ್ಲವನ್ನೂ ಮುಂಭಾಗಕ್ಕೇ ಹಾಕಿ, ಅಂಗೈಯಿಂದ ತಟ್ಟಿ ತಟ್ಟಿ ನಯ ಮಾಡತೊಡಗಿದಳು. ಹಿಂದಿನ ಬಾಯಿಗೆ ಒಂದು ಹರಕು ಚಾಪೆ ಮುಚ್ಚಿದಳು. ಒಳಗೆ ಟೊಳ್ಳಾದಷ್ಟೂ ಹೊರಗೆ ತಿಪ್ಪೆಯ ಕಳೆ ಏರಿತು. "ಈ ವರ್ಷ ತಿಪ್ಪೆ ಚಂದಾಗಿ ಬಂದೈತಿ" ಎಂದು ಮಾರಪ್ಪನವರು ಹೆಂಡತಿಯನ್ನು ಹೊಗಳಿದರು. ಆ ಮನೆಯಲ್ಲಿ ಹೊಗಳಿಕೆ ಅಪರೂಪದ ಪದಾರ್ಥ.

ಮೇ ಕೊನೆಗೆ ಮುಂಗಾರಿನ ಮೋಡ ಕಟ್ಟಿತು. ಮುನ್ನೂರು ಬುಟ್ಟಿ ದಾಟಿದ್ದವು, ಅಷ್ಟಾದರೂ ಗೊಬ್ಬರ ಕಂಡದ್ದು ಹೊಲದ ಮೇಲಿನ ಅರ್ಧ ಮಾತ್ರ. ಕೆಳಗಿನ ಅರ್ಧಕ್ಕೆ ಕೈ ತಾಗುವ ಮೊದಲೇ ಬಿತ್ತನೆಯ ಹದ ಬಂತು. ಹೂವಪ್ಪ ಎರಡನ್ನೂ ಒಂದೇ ದಿನ ಬಿತ್ತಿದ. ಜೋಳ ಎದ್ದಿತು. ಆಗಸ್ಟಿನಲ್ಲಿ ಮೇಲಿನ ಅರ್ಧ ಅವನ ಸೊಂಟ ಮುಟ್ಟಿತು. ಅಕ್ಟೋಬರಿನಲ್ಲಿ ಅವನೇ ಅದರೊಳಗೆ ಕಾಣದಾದ.

ಊರಿನವರು ಕಟ್ಟೆಯ ಮೇಲೆ ಸುದ್ದಿ ತಂದರು. "ಮಾರಪ್ಪಾರೇ, ನಿಮ್ಮ ಬೋಳುಹೊಲದಾಗೆ ಜೋಳ ಆಳು ಮುಳುಗ್ತಾವಲ್ರೀ!"

ಇಪ್ಪತ್ತು ವರ್ಷ ಗೇಲಿ ಕೇಳಿದ ಕಿವಿಗೆ ಅದೂ ಗೇಲಿಯಾಗಿಯೇ ಕೇಳಿಸಿತು. "ಹೌದ್ರೀ, ಆನೀನೂ ಮುಳುಗ್ತಾವೆ. ನಿಮ್ಮ ಅಪ್ಪನ್ನ ಕಳಿಸ್ರಿ ಹುಡುಕಾಕೆ" ಎಂದು ಮಾರಪ್ಪನವರು ಎದ್ದು ಹೋದರು. ಆಣೆ ಇನ್ನಷ್ಟು ಗಟ್ಟಿಯಾಯಿತು.

ಸೊರಬದ ಕಡೆಯಿಂದ ಕೆಂಪಪ್ಪನಿಗೆ ಹೆಣ್ಣಿನವರು ಮನೆ ನೋಡಲು ಬಂದದ್ದು ದೀಪಾವಳಿ ಕಳೆದ ಎಂಟನೆಯ ದಿನ. ಹಬ್ಬಕ್ಕೆ ತಿಪ್ಪೆಯ ನೆತ್ತಿಯ ಮೇಲೆ ಸಿಕ್ಕಿಸಿದ ಚೆಂಡುಹೂವು ಇನ್ನೂ ಪೂರ್ತಿ ಬಾಡಿರಲಿಲ್ಲ. ಗಾಡಿಯಿಂದ ಹೆಣ್ಣಿನ ತಂದೆ ಜಯಪ್ಪ ಇಳಿದರು, ಅವರ ಹಿಂದೆ ಅವರ ತಾಯಿ ಹುಚ್ಚಮ್ಮ ಇಳಿದಳು. ಎಪ್ಪತ್ತು ದಾಟಿದ ಮುದುಕಿ. ಇಳಿಯುವಾಗಲೇ ಹಿತ್ತಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ಮಗನ ಕಿವಿಯಲ್ಲಿ ಏನೋ ಅಂದಳು.

ಮಾರಪ್ಪನವರು ಅದನ್ನು ಗಮನಿಸಿ ಒಳಗೊಳಗೇ ಅರಳಿದರು. "ಬರ್ರಿ ಬೀಗರೇ, ಹಂಗೇ ಹಿತ್ತಲ ಕಡೀಗೆ ಹೋಗಿ ಬರಾಣು."

"ಇನ್ನೂ ಬೀಗರಾಗಿಲ್ಲ ಮಾರಾಯ್ರೆ" ಎಂದರು ಜಯಪ್ಪ.

ಬಿಳಿ ಪಂಚೆ, ಬಿಳಿ ಅಂಗಿ, ಬಿಳಿ ರುಮಾಲು ತೊಟ್ಟ ಮಾರಪ್ಪನವರು ತಿಪ್ಪೆಯ ಮುಂದೆ ನಿಂತು ಕೈ ಚಾಚಿದರು. "ನಮ್ಮಪ್ಪನ ಕಾಲದ್ದು. ಈ ಸುತ್ತಿನಾಗೆ ಇಂಥದ್ದು ಇನ್ನೊಂದಿಲ್ಲ. ಇದರ ಮ್ಯಾಲೆ ನಿಂತ್ರೆ ಅಂಜನಾಪುರದ ಡ್ಯಾಮಿನ ನೀರು ಕಾಣತೈತಿ."

"ಅಷ್ಟು ದೂರದ್ದು ಕಾಣ್ತದಾ?" ಎಂದಳು ಹುಚ್ಚಮ್ಮ.

ಆ ಪ್ರಶ್ನೆ ಮನೆತನಕ್ಕೇ ಹಾಕಿದ ಸವಾಲು. ಮಾರಪ್ಪನವರು ಪಂಚೆ ಎತ್ತಿ ಕಟ್ಟಿದರು.

"ಬ್ಯಾಡ್ರೀ, ಹತ್ತಬ್ಯಾಡ್ರೀ" ಎಂದು ಲೋಕಮ್ಮ ಬಾಗಿಲಿನಿಂದ ಕೂಗಿದಳು. "ಅಪ್ಪಾ, ನಿಲ್ಲು" ಎಂದು ಹೂವಪ್ಪ ಓಡಿ ಬಂದ. ಅಷ್ಟರಲ್ಲಿ ಅವರು ನೆತ್ತಿ ಮುಟ್ಟಿ, ಚೆಂಡುಹೂವಿನ ಪಕ್ಕದಲ್ಲಿ ನಿಂತು, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಬಲಗಾಲು ಮುಂದಿಟ್ಟರು. ಮೂರು ತಲೆಮಾರಿನ ಪ್ರತಿಷ್ಠೆ ಒಮ್ಮೆ ಬುಸ್ಸೆಂದು ಉಸಿರು ಬಿಟ್ಟಿತು. ಮಾರಪ್ಪನವರು ಸೊಂಟದ ತನಕ ಇಳಿದು ನಿಂತರು. ಡ್ಯಾಮು ಕಂಡಿತೋ ಇಲ್ಲವೋ, ಯಾರೂ ಕೇಳಲಿಲ್ಲ.

ಕೆಂಪಪ್ಪ ಅಪ್ಪನ ರಟ್ಟೆ ಹಿಡಿದು ಎಳೆಯುತ್ತ ತನ್ನ ಮದುವೆಯೂ ಅದೇ ಗುಂಡಿಯಲ್ಲಿ ಇಳಿದುಹೋಯಿತೆಂದು ಅಳುಮೋರೆ ಮಾಡಿದ.

"ಒಳಗೆ ಟೊಳ್ಳು!" ಎಂದರು ಜಯಪ್ಪ.

ಹೂವಪ್ಪ ಮುಂದೆ ಬಂದ. "ಟೊಳ್ಳು ಮಾಡಿದ್ದು ನಾನ್ರೀ. ಇದ್ರಾಗಿನ ಗೊಬ್ಬರ ಬೋಳುಹೊಲಕ್ಕೆ ಹೊತ್ತೀನಿ. ಮನಿಯವರ ತಪ್ಪೇನಿಲ್ಲ."

ಮಾರಪ್ಪನವರು ಗುಂಡಿಯೊಳಗಿಂದಲೇ ತೀರ್ಪು ಕೊಟ್ಟರು. "ಮಾತು ಮುರಿದ್ಯಲ್ಲಲೇ! ನಾಳೇನೇ ಆ ಹೊಲ ಉಜ್ಜಪ್ಪಗೆ! ಮೊದಲ್ನೇ ಗುದ್ದಲಿ ನಾನೇ ಹಾಕ್ತೀನಿ!"

"ಮಾತು ಮುರಿದಿದ್ದು ಹೌದು. ಆದ್ರೆ ಮೊಣಕಾಲು ದಾಟಿದ್ರೆ ಹೊಲ ಉಳೀತೈತಿ ಅಂದಿದ್ದು ನೀನು. ಬೈಯೋದು ಆಮ್ಯಾಲೆ ಬೈಯಿ, ಹೊಡಿಯೋದು ಹೊಡಿ. ಮೊದ್ಲು ಒಂದ್ಸಲ ಬಂದು ನೋಡು."

"ನಾನು ಆಣೆ ಇಟ್ಟೀನಿ!"

"ನಾನು ಇಟ್ಟಿಲ್ಲ" ಎಂದಳು ಹುಚ್ಚಮ್ಮ. "ಆ ಹೊಲ ಎಲ್ಲದೆ, ತೋರ್ಸು ಮಗ."

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಹೂವಪ್ಪ, ಅವನ ಹೆಗಲು ಹಿಡಿದು ಮುದುಕಿ, ಹಿಂದೆ ಜಯಪ್ಪ, ಕೆಂಪಪ್ಪ. ನೆಂಟರು ಹೋದ ಮೇಲೆ ಯಜಮಾನ ಮನೆಯಲ್ಲಿ ನಿಲ್ಲುವಂತಿರಲಿಲ್ಲ. ಮಾರಪ್ಪನವರು ಸೊಂಟದ ಮೇಲೆ ಬಿಳಿ, ಸೊಂಟದ ಕೆಳಗೆ ಕಪ್ಪು ಬಣ್ಣದಲ್ಲಿ ಊರ ನಡುವೆ ನಡೆದರು. ಕಟ್ಟೆಯ ಮೇಲಿದ್ದವರು ಎದ್ದು ನಿಂತರು; ಗೌರವಕ್ಕಲ್ಲ, ಸರಿಯಾಗಿ ಕಾಣಲೆಂದು.

ಹೊಲದ ಅಂಚಿನಲ್ಲಿ ಎಲ್ಲರೂ ನಿಂತರು. ಕೆಳಗಿನ ಅರ್ಧದಲ್ಲಿ ಜೋಳ ಎಂದಿನಂತೆ ಮೊಣಕಾಲೆತ್ತರ, ತೆನೆಗೆ ಬದಲು ಹುಲ್ಲಿನ ಕುಚ್ಚು. ಮೇಲಿನ ಅರ್ಧದಲ್ಲಿ ಆಳೆತ್ತರದ ದಂಟು, ಮುಷ್ಟಿ ಗಾತ್ರದ ತೆನೆ. ನಡುವೆ ದಾರ ಹಿಡಿದು ಎಳೆದಂತೆ ಗೆರೆ. ಕೊನೆಯ ಬುಟ್ಟಿ ಸುರಿದ ಜಾಗ ಎಲ್ಲಿ ಎಂದು ಕುರುಡನೂ ತಡವಿ ಹೇಳಬಹುದಿತ್ತು.

ಹುಚ್ಚಮ್ಮ ಮೇಲಿನ ಅರ್ಧಕ್ಕೆ ಹೋಗಿ ಒಂದು ದಂಟು ಕಿತ್ತಳು. ಬೇರಿನ ಜೊತೆ ಒಂದು ಹಿಡಿ ಮಣ್ಣು ಬಂತು. ಮಣ್ಣಿನಿಂದ ಒಂದು ಎರೆಹುಳು ಇಣುಕಿ, ಬೆಳಕು ಕಂಡು ನಾಚಿ ಒಳಗೆ ಹೋಯಿತು. ಹೂವಪ್ಪ ಬಾಯಿ ತೆರೆದು ನಿಂತ. ಬೋಳುಹೊಲದಲ್ಲಿ ಅವನು ಕಂಡ ಮೊದಲ ಎರೆಹುಳು ಅದು.

"ಎಷ್ಟು ಬುಟ್ಟಿ ಹೊತ್ತಿ?" ಎಂದಳು ಮುದುಕಿ.

"ಮುನ್ನೂರರ ಮ್ಯಾಲೆ ಎಣಿಸಿಲ್ಲ ಅಜ್ಜಿ."

ಅವಳು ಮಾರಪ್ಪನವರ ಕಡೆ ತಿರುಗಿದಳು. "ಗಾಡಿ ಇಳಿಯೋವಾಗ್ಲೇ ನನ್ನ ಮಗಂಗೆ ಹೇಳಿದ್ದೆ, ತಿರುಗ್ಸು ಎತ್ತು ಅಂತ. ನಮ್ಮ ಸೊರಬದ ಕಡೆ ವರ್ಷ ವರ್ಷ ಕೊಟ್ಟಿಗೆ ಬಾಚಿ ಗದ್ದೆಗೆ ಹೊರ್ತೀವಿ. ಗೊಬ್ಬರ ಮನೆ ಹತ್ರ ಗುಡ್ಡ ಆಗಿ ಬಿದ್ದದೆ ಅಂದ್ರೆ ಆ ಮನೇಲಿ ಮೈ ಬಗ್ಸೋರು ಇಲ್ಲ ಅಂತ. ಸೋಮಾರಿಗಳ ಮನೆಗೆ ಮೊಮ್ಮಗಳ್ನ ಎಂತಕ್ಕೆ ಕೊಡದು? ಅದು ಟೊಳ್ಳು ಅಂತ ಗೊತ್ತಾದ ಮೇಲೆ ಮನಸ್ಸಿಗೆ ಸಮಾಧಾನ ಆಯ್ತು."

ಮಾರಪ್ಪನವರು ಆಣೆ ಮುರಿದು ಕಣ್ಣು ಬಿಟ್ಟು ಹೊಲ ನೋಡುತ್ತಿದ್ದರು. ಒಂದು ತೆನೆಯನ್ನು ಬಗ್ಗಿಸಿ ಕಾಳು ಉಜ್ಜಿ ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು.

"ಹೆಣ್ಣು ಕೊಡ್ತೀವಿ" ಎಂದಳು ಹುಚ್ಚಮ್ಮ. "ದಿಬ್ಬಣ ಬರೋ ಹೊತ್ತಿಗೆ ಹಿತ್ತಲ್ಲಿ ಆ ಗುಡ್ಡ ಇರಬಾರ್ದು. ಹೊಲದಲ್ಲಿ ಇರಬೇಕು. ಮತ್ತೆ ಮದುವೆ ಗಂಡಿಗೂ ಒಂದು ಬುಟ್ಟಿ ಕೊಡ್ಸಿ, ತಮ್ಮ ಒಬ್ನೇ ಹೊರದು ಚಂದ ಅಲ್ಲ."

ಕೊಯ್ಲು ಮುಗಿದ ವಾರಕ್ಕೆ ಉಜ್ಜಪ್ಪ ಮಾತಿನಂತೆ ಎರಡು ಗಾಡಿ ಹೂಡಿಕೊಂಡು ಬಂದ, ಗುದ್ದಲಿ ಪಿಕಾಸಿ ಸಮೇತ. ಮಾರಪ್ಪನವರು ಹೊಲದ ಬದುವಿನ ಮೇಲೆ ಕಾಲು ಅಗಲಿಸಿ ನಿಂತಿದ್ದರು.

"ಮಣ್ಣು ಕೊಡಲ್ಲ ಉಜ್ಜಪ್ಪ. ಮೊಣಕಾಲು ದಾಟೈತಿ."

"ಕೆಳಗಿನ ಅರ್ಧ ದಾಟಿಲ್ವಲ್ರೀ. ಅದಾರೂ ಕೊಡ್ರಿ."

ಮಾರಪ್ಪನವರು ಮಗನ ಮುಖ ನೋಡಿದರು. ಹೂವಪ್ಪ ತಲೆಯಾಡಿಸಿದ: ಇಲ್ಲ. ಆ ಮನೆಯಲ್ಲಿ ಅಪ್ಪ ಮಗನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ಅದೂ ಬರೋ ವರ್ಷ ದಾಟತೈತಿ" ಎಂದರು ಮಾರಪ್ಪನವರು. "ಹೆಂಗೂ ಗಾಡಿ ತಂದೀಯಲ್ಲ, ಎರಡು ದಿನ ಬಿಟ್ಟು ಹೋಗು. ತಿಪ್ಪೆ ಹೊಡೀಬೇಕು."

ಇಟ್ಟಿಗೆಯ ಗಾಡಿಗಳಲ್ಲಿ ತಿಪ್ಪೆ ಹೊಲಕ್ಕೆ ಬಂತು. ಮದುವಣಿಗ ಕೆಂಪಪ್ಪ ಹತ್ತು ಬುಟ್ಟಿ ಹೊತ್ತು ಕತ್ತು ಹಿಡಿದುಕೊಂಡು ಕೂತ. ತಿಪ್ಪೆಯ ಜಾಗದಲ್ಲಿ ಲೋಕಮ್ಮ ಹೀರೆ, ಕುಂಬಳ ಹಾಕಿದಳು. ಅವು ಮನೆಯ ಸೂರು ಹತ್ತಿದವು.

ಹೂವಪ್ಪ ಎಸ್.ಎಸ್.ಎಲ್.ಸಿ.ಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿದ, ಗಣಿತದಲ್ಲಿ ಸರಿಯಾಗಿ ಬೇಕಾದಷ್ಟೇ ಅಂಕ ಪಡೆದು. ಆಮೇಲೆ ಹೊಲಕ್ಕೇ ಬಂದ. ತೊಂದರೆಯಾದದ್ದು ಮಾರಪ್ಪನವರಿಗೆ. ಮನೆಗೆ ಬಂದವರಿಗೆ ತೋರಿಸಲು ತಿಪ್ಪೆಯೇ ಇರಲಿಲ್ಲ. ಒಂದು ವಾರ ಚಡಪಡಿಸಿ, ಶಿರಾಳಕೊಪ್ಪದ ಸಂತೆಯಿಂದ ಒಂದು ಗಾಜಿನ ಲೋಟ ತಂದರು. ಅಂದಿನಿಂದ ಆ ಮನೆಯ ಜಗುಲಿಯಲ್ಲಿ ಕುಳಿತ ಯಾರಿಗೂ ಬಿಡುಗಡೆ ಇರಲಿಲ್ಲ. ಲೋಟಕ್ಕೆ ನೀರು ತುಂಬಿ, ಬೋಳುಹೊಲದ ಮಣ್ಣು ಹಾಕಿ ಕಲಕಿ, ನೆಂಟರ ಮೂಗಿನ ಹತ್ತಿರ ಹಿಡಿದು, "ನೋಡ್ರಿ, ಕಪ್ಪು ತೇಲ್ತೈತಿ, ಕಾಣ್ತಾ? ಸರಿಯಾಗಿ ನೋಡ್ರಿ" ಎನ್ನುವರು. ಕಂಡಿತು ಎಂದು ಹೇಳುವ ತನಕ ಒಳಗಿನಿಂದ ಕಾಫಿ ಬರುತ್ತಿರಲಿಲ್ಲ.